ರಾತ್ರಿ ಶಾಲೆಯಿಂದ ಗಲ್ಲಾದವರೆಗೆ

ಮುಂಬೈಯಲ್ಲಿ ಇಷ್ಟೊಂದು ಹೋಟೆಲುಗಳು ಉಡುಪಿ ಕಡೆಯವರ ಕೈಗೆ ಹೇಗೆ ಬಂದವು ಎಂದು ಕೇಳಿದರೆ ಹೆಚ್ಚಿನವರು ಒಂದೇ ಮಾತು ಹೇಳುತ್ತಾರೆ: ಕಷ್ಟಪಟ್ಟರು, ಮೇಲೆ ಬಂದರು. ಈ ಮಾತನ್ನು ನಾನು ಒಪ್ಪುವುದಿಲ್ಲ. ಕಷ್ಟ ಎಲ್ಲರೂ ಪಟ್ಟರು. ನನ್ನ ಜೊತೆ ಮೋರಿಯಲ್ಲಿ, ಅಂದರೆ ಪಾತ್ರೆ ತೊಳೆಯುವ ಜಾಗದಲ್ಲಿ, ಕೂತು ಕಪ್ಪುಬಸಿ ತೊಳೆದ ಹುಡುಗರಲ್ಲಿ ನನಗಿಂತ ಜಾಸ್ತಿ ದುಡಿದವರಿದ್ದರು, ನನಗಿಂತ ಚುರುಕಿನವರೂ ಇದ್ದರು. ಅವರಲ್ಲಿ ಹಲವರು ಮುಪ್ಪಿನ ತನಕ ಸಪ್ಲಾಯರ್ ಆಗಿಯೇ ದುಡಿದು, ಮಂಡಿನೋವು ಹೊತ್ತುಕೊಂಡು ಊರಿಗೆ ಹೋದರು. ನಾನು ಗಲ್ಲಾದಲ್ಲಿ ಕೂತೆ. ಇದಕ್ಕೆ ನನಗೆ ಕಾಣುವ ದೊಡ್ಡ ಕಾರಣ ಒಂದೇ. ಸಂಜೆ ಆರೂವರೆಗೆ ರಾತ್ರಿ ಶಾಲೆಗೆ ಹೋಗಲು ನನ್ನನ್ನು ಹೊರಗೆ ಬಿಟ್ಟರು, ಅವರನ್ನು ಬಿಡಲಿಲ್ಲ.

ನಾನು ಕಾರ್ಕಳದ ಕಡೆಯವನು. 1975ರಲ್ಲಿ, ಏಳನೇ ಕ್ಲಾಸು ಮುಗಿದ ಮೇಲೆ, ಸೋದರಮಾವನ ಜೊತೆ ಬಸ್ಸು ಹತ್ತಿ ಬೊಂಬಾಯಿಗೆ ಬಂದೆ. ಆಗ ನನಗೆ ಹದಿಮೂರು. ಅದು ನಮ್ಮ ಕಡೆ ಎಲ್ಲ ಮನೆಗಳಲ್ಲೂ ಏನಾದರೊಂದು ಅಲುಗಾಡುತ್ತಿದ್ದ ಕಾಲ. 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದಿತ್ತು. ಗೇಣಿ ಒಕ್ಕಲುಗಳು ತಾವು ಉಳುವ ಭೂಮಿ ತಮಗೇ ಸೇರಬೇಕೆಂದು ಡಿಕ್ಲರೇಷನ್ ಕೊಡುತ್ತಿದ್ದರು. ಭೂಮಿ ಕಳಕೊಂಡ ಮನೆಗಳ ಹುಡುಗರು ಬೊಂಬಾಯಿ ಬಸ್ಸು ಹತ್ತಿದರು ಎಂದು ಬಹಳ ಮಂದಿ ಬರೆದಿದ್ದಾರೆ, ಅದು ನಿಜ. ಆದರೆ ಭೂಮಿ ಸಿಕ್ಕಿದ ಮನೆಗಳ ಹುಡುಗರೂ ಅದೇ ಬಸ್ಸಿನಲ್ಲಿದ್ದರು. ನಾವು ಒಕ್ಕಲಿನವರು. ಡಿಕ್ಲರೇಷನ್ ಆಯಿತು, ಗದ್ದೆ ನಮ್ಮದಾಯಿತು. ಅಪ್ಪ ಆ ದಿನ ಗದ್ದೆಯ ಬದುವಿನಲ್ಲಿ ಸುಮ್ನೆ ಓಡಾಡಿಕೊಂಡೇ ಇದ್ದರು. ಆದರೆ ಅಷ್ಟು ಗದ್ದೆ ಅಷ್ಟೊಂದು ಬಾಯಿಗಳಿಗೆ ಸಾಲುತ್ತಿರಲಿಲ್ಲ.

ನಾನು ಸೇರಿದ್ದು ಬೊಂಬಾಯಿಯ ಫೋರ್ಟ್ ಪ್ರದೇಶದ ಒಂದು ಹೋಟೆಲಿಗೆ. ಸುತ್ತ ಆಫೀಸುಗಳು. ಬೆಳಗ್ಗೆ ಇಡ್ಲಿ, ವಡೆ. ಮಧ್ಯಾಹ್ನ ರೈಸ್ ಪ್ಲೇಟ್. ಸಂಜೆ ಐದಕ್ಕೆ ಬಾಬುಗಳು ಸ್ಟೇಷನ್ ಕಡೆ ಹೊರಟರೆ ಬೀದಿ ಖಾಲಿ. ಇದನ್ನು ಯಾಕೆ ಹೇಳುತ್ತೇನೆಂದರೆ, ಫೋರ್ಟಿನ ಹೋಟೆಲು ಹುಡುಗರಿಗೆ ರಾತ್ರಿ ಶಾಲೆಗೆ ಹೋಗಲು ಸಾಧ್ಯವಾದದ್ದು ಈ ಖಾಲಿ ಬೀದಿಯಿಂದ. ದಾದರಿನಲ್ಲೋ ಲಾಲ್‌ಬಾಗಿನಲ್ಲೋ ಕೆಲಸಕ್ಕೆ ನಿಂತ ಹುಡುಗರಿಗೆ ಸಂಜೆಯೇ ಗಿರಾಕಿಗಳ ಹೊತ್ತು. ಅವರ ಧಣಿ ಎಷ್ಟೇ ಒಳ್ಳೆಯವನಾದರೂ ಬಿಡುವುದು ಕಷ್ಟ. ಯಾವ ಬೀದಿಯ ಹೋಟೆಲಿಗೆ ನಿಮ್ಮನ್ನು ತಂದು ಬಿಟ್ಟರು ಎನ್ನುವುದರ ಮೇಲೆ ನಿಮ್ಮ ಓದು ನಿಂತಿತ್ತು.

ಇನ್ನೊಂದು ಸಂಗತಿ ಇದೆ. ಇದನ್ನು ಹೋಟೆಲಿನವರ ಸನ್ಮಾನ ಸಭೆಗಳಲ್ಲಿ ಯಾರೂ ಹೇಳುವುದಿಲ್ಲ. ನನ್ನ ಜೊತೆಗಿದ್ದ ಒಬ್ಬ ಹುಡುಗನಿಗೆ ಓದಲು ನನಗಿಂತ ಜಾಸ್ತಿ ಆಸೆ ಇತ್ತು. ಆದರೆ ಅವನ ಮನೆ ನಡೆಯುತ್ತಿದ್ದದ್ದೇ ಅವನು ಕಳಿಸುವ ಮನಿಯಾರ್ಡರಿನಿಂದ. ಹಾಗಾಗಿ ಸಂಜೆ ಅವನು ಬೇರೆ ಕಡೆ ಚಹಾ ಹೊತ್ತುಕೊಂಡು ಹೋಗುವ ಕೆಲಸ ಹಿಡಿದ. ನನ್ನ ಮನೆಯಲ್ಲಿ ಅಕ್ಕ ಬೀಡಿ ಕಟ್ಟುತ್ತಿದ್ದಳು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಎಲೆ, ತಂಬಾಕು, ನೂಲು ತಂದು, ಗೆರಸೆ ಮಡಿಲಲ್ಲಿಟ್ಟುಕೊಂಡು ಕಟ್ಟಿ, ವಾರಕ್ಕೊಮ್ಮೆ ಬೀಡಿ ಕಂಪನಿಯ ಬ್ರಾಂಚಿಗೆ ಕೊಟ್ಟು ಬರುತ್ತಿದ್ದಳು. ಆ ದುಡ್ಡಿನಲ್ಲಿ ಮನೆಯ ಅಕ್ಕಿ, ಎಣ್ಣೆ ನಡೆಯುತ್ತಿತ್ತು. ಆದ್ದರಿಂದ ನನ್ನ ಸಂಬಳದಲ್ಲಿ ಸ್ವಲ್ಪ ನನಗೇ ಉಳಿಯುತ್ತಿತ್ತು. ನನ್ನ ಪುಸ್ತಕ, ಫೀಸು, ಒಂದು ಜೊತೆ ಚಡ್ಡಿ-ಅಂಗಿ ಬಂದದ್ದು ಅಕ್ಕನ ಬೆರಳುಗಳಿಂದ. ಕರಾವಳಿಯ ಎಷ್ಟೋ ಹೋಟೆಲು ಮಾಲೀಕರ ಹಿಂದೆ ಹೀಗೆ ಬೀಡಿ ಕಟ್ಟಿದ ಅಮ್ಮ, ಅಕ್ಕ, ತಂಗಿ ಇದ್ದಾರೆ. ಅವರಿಗೆ ರಾತ್ರಿ ಶಾಲೆ ಇರಲಿಲ್ಲ.

ರಾತ್ರಿ ಶಾಲೆಗಳನ್ನು ನಡೆಸಿದ್ದು ಊರಿನಿಂದ ಬಂದವರು ಕಟ್ಟಿಕೊಂಡ ಸಂಘಗಳು. ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ. ಬಂಟರ ಸಂಘ 1927ರಲ್ಲಿ, ಬಿಲ್ಲವರ ಅಸೋಸಿಯೇಷನ್ 1932ರಲ್ಲಿ. ಒಂದೊಂದು ಸಮುದಾಯದವರೂ ತಮ್ಮ ತಮ್ಮ ಹುಡುಗರಿಗಾಗಿ ಶುರು ಮಾಡಿದರೂ ತರಗತಿಯೊಳಗೆ ಎಲ್ಲರೂ ಇರುತ್ತಿದ್ದರು. ಅಂಗಡಿಯಲ್ಲಿದ್ದವರು, ಕ್ಯಾಂಟೀನಿನಲ್ಲಿದ್ದವರು, ಆಫೀಸಿನಲ್ಲಿ ಪ್ಯೂನ್ ಆಗಿದ್ದವರು. ಮನೆಮಾತು ತುಳು, ಕೊಂಕಣಿ, ಕುಂದಾಪುರದ ಕನ್ನಡ. ಪಾಠ ಪುಸ್ತಕದ ಕನ್ನಡದಲ್ಲಿ. ಬೋರ್ಡು ಮಹಾರಾಷ್ಟ್ರದ್ದು, ಹಾಗಾಗಿ ಮರಾಠಿಯನ್ನೂ ಕಲಿಯಬೇಕಿತ್ತು. ಮೊದಮೊದಲು ಈ ಮರಾಠಿ ನನಗೆ ದೊಡ್ಡ ಹೊರೆ ಅನ್ನಿಸುತ್ತಿತ್ತು. ಮುಂದೆ ವಾರ್ಡ್ ಆಫೀಸಿನ ಮೆಟ್ಟಿಲು ಹತ್ತಿದಾಗ ಅದರಷ್ಟು ಉಪಯೋಗಕ್ಕೆ ಬಂದ ಪಾಠ ಬೇರೆ ಇಲ್ಲ. 1966ರಲ್ಲಿ ಶಿವಸೇನೆ ಹುಟ್ಟಿದ ಮೇಲೆ ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದ ಕತೆಯನ್ನು ಹಳಬರು ಇನ್ನೂ ಹೆದರಿಕೊಂಡೇ ಹೇಳುತ್ತಿದ್ದ ಕಾಲ ಅದು. ಮರಾಠಿ ಓದಿ ಬರೆಯಬಲ್ಲ ಹೋಟೆಲಿನವನು ಆ ಹೆದರಿಕೆಯಿಂದ ಅರ್ಧ ಹೊರಗೆ ಬಂದಿರುತ್ತಿದ್ದ.

ಮಾಸ್ಟ್ರುಗಳು ಹಗಲು ಬೇರೆ ಕೆಲಸದಲ್ಲಿದ್ದವರು. ಒಬ್ಬರು ಬ್ಯಾಂಕಿನಲ್ಲಿ ಕ್ಲರ್ಕು, ಒಬ್ಬರು ಪೋಸ್ಟ್ ಆಫೀಸಿನಲ್ಲಿ. ಬೆಳಗ್ಗೆ ಚಿಕ್ಕ ಮಕ್ಕಳು ಕೂರುವ ಬೆಂಚುಗಳಲ್ಲಿ ನಾವು ಮೊಣಕಾಲು ಮಡಚಿಕೊಂಡು ಕೂರುತ್ತಿದ್ದೆವು. ಇಡೀ ತರಗತಿಯಲ್ಲಿ ಸೋಡಾ ಪುಡಿಯ, ಎಣ್ಣೆಯ ವಾಸನೆ. ಬೆಳಗ್ಗೆ ಐದಕ್ಕೆ ಎದ್ದ ಹುಡುಗರು ಎಂಟೂವರೆ ಹೊತ್ತಿಗೆ ತೂಕಡಿಸುತ್ತಿದ್ದರು. ಗಣಿತದ ಮಾಸ್ಟ್ರು ಯಾರನ್ನೂ ಬಡಿದು ಎಬ್ಬಿಸಲಿಲ್ಲ. ನಿದ್ದೆ ಹೋದವನ ಪುಸ್ತಕದಲ್ಲಿ ಆ ದಿನದ ಲೆಕ್ಕವನ್ನು ತಾವೇ ಬರೆದಿಟ್ಟು ಮುಂದಿನ ಬೆಂಚಿಗೆ ಹೋಗುತ್ತಿದ್ದರು. ಹಗಲಿಡೀ ಲೆಡ್ಜರು ಬರೆದು ದಣಿದ ಮನುಷ್ಯ ಅವರು.

1980ರಲ್ಲಿ ಎಸ್ಸೆಸ್ಸಿ, ಅಂದರೆ ಹತ್ತನೆಯದ್ದು, ಪಾಸಾದೆ. ಮುಂದೆ ಓದಬಹುದು ಎಂದು ನನಗೆ ಗೊತ್ತೇ ಇರಲಿಲ್ಲ. ಗಣಿತದ ಮಾಸ್ಟ್ರು ಕೈಹಿಡಿದು ಸಿದ್ಧಾರ್ಥ ಕಾಲೇಜಿಗೆ ಕರಕೊಂಡು ಹೋದರು. ಡಾ. ಅಂಬೇಡ್ಕರ್ 1945ರಲ್ಲಿ ಪೀಪಲ್ಸ್ ಎಜುಕೇಷನ್ ಸೊಸೈಟಿ ಕಟ್ಟಿ, ಮರುವರ್ಷ ಶುರು ಮಾಡಿದ್ದು ಸಿದ್ಧಾರ್ಥ ಕಾಲೇಜು. ಮುಂದೆ ಅದೇ ಸೊಸೈಟಿಯ ವಾಣಿಜ್ಯ ಕಾಲೇಜೂ ಬಂತು. ಕೆಲಸ ಮಾಡುವವರು ಓದಲಿ ಎಂದು ಅಲ್ಲಿ ಬೆಳಗ್ಗೆಯೇ ತರಗತಿ ಇಡುತ್ತಿದ್ದರು. ಮುಂಬೈಯಲ್ಲಿ ದುಡಿದು ಓದಿದ ಎಷ್ಟೋ ಕನ್ನಡಿಗರ ಮೇಲೆ ಈ ಕಾಲೇಜಿನ ಋಣ ಇದೆ. ನಮ್ಮವರು ನಮ್ಮ ಸಂಘಗಳನ್ನು ನೆನೆಯುವಷ್ಟು ಇದನ್ನು ನೆನೆಯುವುದಿಲ್ಲ. ನನಗೆ ಅದು ಬೇಸರದ ವಿಷಯ.

ಕಾಲೇಜಿನ ಕಾಮರ್ಸ್ ಓದಿನಲ್ಲಿ ನನ್ನ ಕಣ್ಣು ತೆರೆಸಿದ್ದು ಸವಕಳಿಯ ಪಾಠ. ಒಂದು ಯಂತ್ರ ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಸವೆಯುತ್ತದೆ, ಆ ಸವೆತವನ್ನೂ ಖರ್ಚಿಗೆ ಹಾಕಬೇಕು ಎಂದು ಪ್ರೊಫೆಸರ್ ಹೇಳಿದರು. ನನಗೆ ಹೋಟೆಲಿನ ರುಬ್ಬುವ ಗ್ರೈಂಡರ್ ಕಣ್ಣೆದುರು ಬಂತು. ಅದರ ಕಲ್ಲು ನುಣುಪಾದಾಗ ಹಿಟ್ಟು ಸರಿ ಏಳುವುದಿಲ್ಲ. ಕಲ್ಲಿಗೆ ಮುಳ್ಳು ಹೊಡೆಸಬೇಕು, ಮೋಟಾರು ಸುಟ್ಟರೆ ಕಟ್ಟಿಸಬೇಕು. ಈ ಖರ್ಚು ಬಂದಾಗಲೆಲ್ಲ ಧಣಿಗಳು ಗಲ್ಲಾದಿಂದ ದುಡ್ಡು ತೆಗೆದು ಕೊಡುತ್ತಿದ್ದರು, ಆ ತಿಂಗಳು ನಷ್ಟ ಎನ್ನುತ್ತಿದ್ದರು. ನಾನು ಒಂದು ನೋಟ್‌ಬುಕ್ಕಿನಲ್ಲಿ ಒಂದು ಪ್ಲೇಟ್ ಇಡ್ಲಿಗೆ ಎಷ್ಟು ಬೀಳುತ್ತದೆ ಎಂದು ಬರೆಯಲು ಶುರು ಮಾಡಿದೆ. ಅಕ್ಕಿ, ಉದ್ದು, ಗ್ಯಾಸು, ಸಾಂಬಾರಿನ ಬೇಳೆ, ಚಟ್ನಿಯ ತೆಂಗಿನಕಾಯಿ, ತಟ್ಟೆ ತೊಳೆಯುವವನ ಕೂಲಿ, ಗ್ರೈಂಡರಿನ ಸವೆತ. ಎರಡನೇ ಸಲ ಕೇಳುವ ಸಾಂಬಾರು, ಚಟ್ನಿ ಲೆಕ್ಕಕ್ಕೆ ಸೇರಿದಾಗ ಇಡ್ಲಿಯ ಲಾಭ ಅರ್ಧಕ್ಕೆ ಇಳಿಯಿತು. ಲಾಭ ಇದ್ದದ್ದು ಚಹಾ-ಕಾಫಿಯಲ್ಲಿ. ಧಣಿಗಳಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಮರುವಾರ ನನ್ನನ್ನು ಲಾಲ್‌ಬಾಗಿನಲ್ಲಿದ್ದ ಅವರ ಇನ್ನೊಂದು ಹೋಟೆಲಿನ ಗಲ್ಲಾದಲ್ಲಿ ಕೂರಿಸಿದರು.

ಲಾಲ್‌ಬಾಗ್ ಎಂದರೆ ಬಟ್ಟೆ ಗಿರಣಿ ಕಾರ್ಮಿಕರ ಊರು. 1982ರ ಜನವರಿ 18ಕ್ಕೆ ಕಾರ್ಮಿಕ ನಾಯಕ ದತ್ತಾ ಸಾಮಂತರ ಮುಷ್ಕರ ಶುರುವಾಯಿತು. ಹೆಚ್ಚುಕಡಿಮೆ ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿದರು. ಮೊದಲ ತಿಂಗಳು ಹೋಟೆಲು ತುಂಬಿಯೇ ಇತ್ತು, ಜನರಿಗೆ ಹೊತ್ತು ಇತ್ತಲ್ಲ. ಆಮೇಲೆ ಊಟದವರು ಚಹಾಕ್ಕೆ ಇಳಿದರು. ಚಹಾದವರು ಒಂದು ಕಪ್ಪನ್ನು ಇಬ್ಬರು ಹಂಚಿಕೊಂಡರು. ಉದ್ರಿ ಪುಸ್ತಕ ದಪ್ಪವಾಗುತ್ತಾ ಹೋಯಿತು. ವಸೂಲಿಯ ಪಟ್ಟಿ ಮಾಡಿ ಧಣಿಗಳ ಮುಂದಿಟ್ಟೆ. ಯಾರ ಹತ್ತಿರವೂ ಕೇಳಬೇಡ ಎಂದರು. ಕೊಂಕಣದ ಹಳ್ಳಿಗಳಿಗೆ ವಾಪಸು ಹೋಗುವ ಮುಂಚೆ ಕೆಲವರು ತಾವಾಗಿಯೇ ಬಂದು ಐದೋ ಹತ್ತೋ ಕೊಟ್ಟರು. ಉಳಿದದ್ದನ್ನು ನಾನು ವರ್ಷದ ಕೊನೆಗೆ ಬಾರದ ಸಾಲ ಎಂದು ಬರೆದೆ. ಕಾಲೇಜಿನಲ್ಲಿ ಕಲಿತ ಆ ಒಂದು ಸಾಲಿನ ಕೆಳಗೆ ನನಗೆ ಗೊತ್ತಿದ್ದ ಮುಖಗಳೇ ಇದ್ದವು. ಲಾಲ್‌ಬಾಗಿನ ಆ ಹೋಟೆಲು ಮುಂದೆ ಮುಚ್ಚಿತು.

ನಾನು ಸ್ವಂತಕ್ಕೆ ಇಳಿದದ್ದು 1989ರಲ್ಲಿ, ಘಾಟ್‌ಕೋಪರಿನಲ್ಲಿ, ಕಂಡಕ್ಟ್ ಮೇಲೆ. ಮುಂಬೈ ಹೋಟೆಲು ಲೋಕದ ಹೊರಗಿನವರಿಗೆ ಇದು ಗೊತ್ತಿರುವುದಿಲ್ಲ. ಜಾಗ, ಲೈಸೆನ್ಸು, ಹೆಸರು ಎಲ್ಲ ಇನ್ನೊಬ್ಬರದ್ದು. ನಾವು ಡಿಪಾಸಿಟ್ ಕೊಟ್ಟು, ತಿಂಗಳಿಗೆ ಇಷ್ಟು ಎಂದು ಕಟ್ಟಿ ಹೋಟೆಲು ನಡೆಸಬೇಕು. ಕೈಯಲ್ಲಿ ಬಂಡವಾಳ ಇಲ್ಲದವನಿಗೆ ಮಾಲೀಕನಾಗುವ ಮೊದಲ ಮೆಟ್ಟಿಲು ಇದೇ. ಜಾರಿ ಬೀಳುವವರು ಜಾಸ್ತಿ ಇರುವುದೂ ಇದೇ ಮೆಟ್ಟಿಲಿನಲ್ಲಿ. ಕರಾರು ಇಂಗ್ಲಿಷಿನಲ್ಲಿ, ಸ್ಟಾಂಪ್ ಪೇಪರಿನ ಮೇಲೆ ಟೈಪು ಮಾಡಿದ್ದು. ನನ್ನ ಪರಿಚಯದ ಒಬ್ಬರು ಅದನ್ನು ಓದಿಸದೆ ಸಹಿ ಹಾಕಿದ್ದರು. ಅವರು ಹೊಸ ಒಲೆ, ಫ್ರಿಜ್ಜು, ಟೇಬಲು ಹಾಕಿಸಿ, ಬಣ್ಣ ಬಳಿಸಿ, ಗಿರಾಕಿ ಕೂಡಿಸಿದರು. ಅವಧಿ ಮುಗಿದ ದಿನ ಬರಿಗೈಯಲ್ಲಿ ಹೊರಗೆ ಬಂದರು. ಒಳಗೆ ಹಾಕಿದ್ದೆಲ್ಲ ಜಾಗದವರಿಗೇ ಸೇರುತ್ತದೆ ಎಂದು ಕರಾರಿನಲ್ಲಿ ಬರೆದಿತ್ತು.

ನನ್ನ ಕರಾರನ್ನು ನಾನು ಅದೇ ಗಣಿತದ ಮಾಸ್ಟ್ರ ಮನೆಗೆ ಕೊಂಡುಹೋದೆ. ನನಗೆ ಡಿಗ್ರಿ ಇತ್ತು, ಆದರೂ ವಕೀಲರ ಇಂಗ್ಲಿಷು ಬೇರೆಯೇ. ಅವರು ಆಗ ರಿಟೈರ್ ಆಗುವ ಹೊತ್ತು. ನೆಲದ ಮೇಲೆ ಚಾಪೆ ಹಾಸಿ, ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಒಂದೊಂದೇ ಕಲಮು ಓದಿಸಿದರು. ತಾವು ಓದಲಿಲ್ಲ, ನನ್ನ ಕೈಯಲ್ಲೇ ಓದಿಸಿದರು. ಪ್ರತಿ ಕಲಮು ಮುಗಿದಾಗ ಒಂದು ಪ್ರಶ್ನೆ.

"ನಾಳೆ ಅವರು ಬಿಡು ಅಂದ್ರೆ ನಿನ್ನ ಫ್ರಿಜ್ಜು ಯಾರದ್ದು ಮಾರಾಯ?"

"ಇದರ ಪ್ರಕಾರ ಅವರದ್ದು, ಸರ್."

"ಹಾಗಾದ್ರೆ ಎಂತ ಮಾಡ್ಬೇಕು?"

ನಾನು ತಂದ ಸಾಮಾನಿನ ಪಟ್ಟಿಯನ್ನು ಕರಾರಿಗೆ ಸೇರಿಸಬೇಕು, ಇಬ್ಬರೂ ಅದರ ಮೇಲೆ ಸಹಿ ಹಾಕಬೇಕು ಎಂದು ನಾನೇ ಹೇಳುವ ತನಕ ಅವರು ಬಿಡಲಿಲ್ಲ. ಡಿಪಾಸಿಟ್ ಎಷ್ಟು ದಿನದಲ್ಲಿ ವಾಪಸು, ಲೈಸೆನ್ಸ್ ನವೀಕರಣ ಯಾರ ಜವಾಬ್ದಾರಿ, ಮುನಿಸಿಪಾಲಿಟಿ ದಂಡ ಹಾಕಿದರೆ ಯಾರು ಕಟ್ಟಬೇಕು, ಇದೆಲ್ಲ ಆ ರಾತ್ರಿ ನಡೆದ ಪಾಠ. ಜಾಗದವರು ಮೊದಲು ಮುಖ ಗಂಟಿಕ್ಕಿದರು, ಆಮೇಲೆ ಒಪ್ಪಿದರು. ಕೆಲವು ವರ್ಷ ಕಳೆದು ನಾನು ಅಲ್ಲಿಂದ ಹೊರಬಂದಾಗ ನನ್ನ ಗ್ರೈಂಡರು, ಫ್ರಿಜ್ಜು, ಪಾತ್ರೆ ನನ್ನ ಜೊತೆಯೇ ಬಂದವು.

ಡಿಪಾಸಿಟ್ಟಿನ ದುಡ್ಡು ಎಲ್ಲಿಂದ ಎಂದರೆ, ಸ್ವಲ್ಪ ಪಿಗ್ಮಿಯಿಂದ, ಸ್ವಲ್ಪ ಗೆಳೆಯರ ಕೈಸಾಲದಿಂದ. ಪಿಗ್ಮಿ ನಮ್ಮ ಕಡೆಯದೇ ಯೋಜನೆ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲೇ ಶುರು ಮಾಡಿದ್ದು. ಏಜೆಂಟ್ ದಿನಾ ಬಾಗಿಲಿಗೆ ಬಂದು ಸಣ್ಣ ದುಡ್ಡು ತೆಗೆದುಕೊಂಡು ಹೋಗುತ್ತಾರೆ. ದೊಡ್ಡ ಸಾಲಕ್ಕೆ ಸಹಕಾರಿ ಬ್ಯಾಂಕುಗಳಿದ್ದವು. ಮೊಗವೀರರದ್ದು ಹಳೆಯದು, ಬಿಲ್ಲವರು ಕಟ್ಟಿದ ಭಾರತ್ ಬ್ಯಾಂಕು 1978ರದ್ದು. ಶಾಲೆ ಕಟ್ಟಿದ ಸಮುದಾಯಗಳೇ ಬ್ಯಾಂಕನ್ನೂ ಕಟ್ಟಿದವು. ಇದು ಆಕಸ್ಮಿಕ ಅಲ್ಲ ಎಂದು ನನಗೆ ಅನ್ನಿಸುತ್ತದೆ. ಸಾಲ ಬೇಕಾದರೆ ಮೂರು ವರ್ಷದ ಲೆಕ್ಕ ತೋರಿಸು ಎನ್ನುತ್ತಾರೆ. ಲೆಕ್ಕ ಇಡಲು ಬಾರದವನಿಗೆ ತನ್ನವರ ಬ್ಯಾಂಕೂ ಸಾಲ ಕೊಡಲಾರದು.

1998ರಲ್ಲಿ ಮುಲುಂಡಿನಲ್ಲಿ ನನ್ನದೇ ಜಾಗ ತೆಗೆದುಕೊಂಡೆ. ಚಿಕ್ಕ ಹೋಟೆಲು. ಅಂಗಡಿ ನೋಂದಣಿಯ ಗುಮಾಸ್ತಾ ಲೈಸೆನ್ಸು, ಮುನಿಸಿಪಾಲಿಟಿಯ ಹೆಲ್ತ್ ಲೈಸೆನ್ಸು, ಪೊಲೀಸರ ಈಟಿಂಗ್ ಹೌಸ್ ಲೈಸೆನ್ಸು, ತೂಕದ ಮುದ್ರೆ. ಮುಂದೆ 2011ರ ನಂತರ ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ, 2017ರಲ್ಲಿ ಜಿಎಸ್‌ಟಿ. ಈ ಕಾಗದಗಳಲ್ಲಿ ಒಂದನ್ನೂ ಏಜೆಂಟನ ಕೈಯಲ್ಲಿ ಕೊಟ್ಟು ಕಣ್ಣು ಮುಚ್ಚಿಕೊಂಡಿಲ್ಲ. ಲೆಕ್ಕಪತ್ರ ಈಗ ನನ್ನ ಹೆಂಡತಿ ನೋಡುತ್ತಾಳೆ. ಅವಳು ಊರಿನಲ್ಲಿ ಪಿಯುಸಿ ಮುಗಿಸಿದವಳು, ಅಂಕಿಯಲ್ಲಿ ನನಗಿಂತ ಗಟ್ಟಿ.

ಹೋಟೆಲು ತೆರೆದ ದಿನ ಅಕ್ಕನನ್ನು ಊರಿನಿಂದ ಕರೆಸಿದ್ದೆ. ಗಲ್ಲಾದಲ್ಲಿ ಮೊದಲ ಬಿಲ್ಲು ಅವಳ ಕೈಯಿಂದಲೇ ಹರಿಸಿದೆ.

ಈಗ ನನ್ನನ್ನು ಕಾಡುವ ವಿಷಯಕ್ಕೆ ಬರುತ್ತೇನೆ. ಹದಿಮೂರರ ಹುಡುಗ ಪಾತ್ರೆ ತೊಳೆದು ಮಾಲೀಕನಾದ ಕತೆ ಕೇಳಲು ಚೆಂದ. ಅಡುಗೆಮನೆಯ ಕೆಲಸದಿಂದ ಶುರು ಮಾಡಿ 1942ರಲ್ಲಿ ಮಾಟುಂಗಾದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ಎ. ರಾಮ ನಾಯಕರ ಕತೆಯನ್ನು ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ, ಹೇಳಲೇಬೇಕು. ಆದರೆ ಮಕ್ಕಳನ್ನು ದುಡಿಸುವುದಕ್ಕೆ ಈ ಕತೆಗಳು ಸಮರ್ಥನೆ ಆಗಬಾರದು. 2006ರ ಅಕ್ಟೋಬರ್ 10ರಿಂದ ಹದಿನಾಲ್ಕರೊಳಗಿನ ಮಕ್ಕಳನ್ನು ಹೋಟೆಲು, ಢಾಬಾಗಳಲ್ಲಿ ಇಟ್ಟುಕೊಳ್ಳುವುದಕ್ಕೆ ನಿಷೇಧ ಬಂತು. ಆಗ ನಮ್ಮ ಧಂದೆಯವರು ಕೆಲವರು "ನಾವೂ ಹೀಗೇ ಬಂದವರಲ್ವಾ" ಎಂದು ಗೊಣಗಿದರು. ನಾನು ಆ ಕಾನೂನಿನ ಪರ ನಿಂತೆ. ಸೋಡಾ ನೀರಿನಲ್ಲಿ ಬಿರಿದ ಬೆರಳಿನಿಂದ ಪೆನ್ಸಿಲು ಹಿಡಿಯುವುದು ಹೇಗಿರುತ್ತದೆ ಎಂದು ನನಗೆ ಗೊತ್ತು.

ನಮ್ಮ ಕನ್ನಡ ರಾತ್ರಿ ಶಾಲೆಗಳು ಒಂದೊಂದಾಗಿ ಬಾಗಿಲು ಹಾಕುತ್ತಾ ಬಂದಿವೆ. ಇದಕ್ಕೆ ನಾನು ಕಣ್ಣೀರು ಹಾಕುವುದಿಲ್ಲ. ಊರಿನ ಮಕ್ಕಳು ಊರಿನಲ್ಲೇ ಹೈಸ್ಕೂಲು, ಪಿಯುಸಿ ಮುಗಿಸುತ್ತಾರೆ, ಬೆಂಗಳೂರಿಗೋ ಗಲ್ಫಿಗೋ ಹೋಗುತ್ತಾರೆ. ಪಾತ್ರೆ ತೊಳೆಯಲು ಮುಂಬೈಗೆ ಬರಬೇಕಾಗಿಲ್ಲ. ಶಾಲೆಗಳು ಖಾಲಿಯಾದದ್ದು ಈ ಒಳ್ಳೆಯ ಕಾರಣಕ್ಕೆ. ಆದರೆ ನಮ್ಮ ಹೋಟೆಲುಗಳ ಮೋರಿ ಖಾಲಿಯಾಗಲಿಲ್ಲ. ಅಲ್ಲಿ ಈಗ ಜಾರ್ಖಂಡಿನ, ಒಡಿಶಾದ, ಉತ್ತರ ಪ್ರದೇಶದ, ನೇಪಾಳದ ಹುಡುಗರಿದ್ದಾರೆ. ಹದಿನೆಂಟು, ಹತ್ತೊಂಬತ್ತರ ಪ್ರಾಯ. ಎಂಟನೆಯದ್ದೋ ಒಂಬತ್ತನೆಯದ್ದೋ ಕ್ಲಾಸಿಗೆ ಶಾಲೆ ಬಿಟ್ಟವರು. ಅವರು ಮೇಲೆ ಹತ್ತಲು ನಾವು ಯಾವ ಮೆಟ್ಟಿಲನ್ನೂ ಇಟ್ಟಿಲ್ಲ. ನಮಗಾಗಿ ಶಾಲೆ ಕಟ್ಟಿದವರೂ ನಮ್ಮ ಹಾಗೆ ವಲಸೆ ಬಂದವರೇ. ಅವರ ಬಳಿ ನಮ್ಮಷ್ಟು ದುಡ್ಡೂ ಇರಲಿಲ್ಲ.

ಹೋಟೆಲಿನವರ ಒಂದು ಸಭೆಯಲ್ಲಿ ಈ ಮಾತೆತ್ತಿದೆ. ಓದಿಸಿದರೆ ಬಿಟ್ಟು ಹೋಗುತ್ತಾರೆ, ಆಮೇಲೆ ಕೆಲಸಕ್ಕೆ ಜನ ಎಲ್ಲಿ ಎಂದು ಒಬ್ಬರು ಕೇಳಿದರು. ಅವರ ಭಯ ಸುಳ್ಳಲ್ಲ, ಜನ ಸಿಗುವುದು ನಿಜವಾಗಿಯೂ ಕಷ್ಟ. ನಾನೂ ಓದಿ ಬಿಟ್ಟು ಹೋದವನೇ. ಆದರೆ ಹೋಗುವ ಮುಂಚೆ ಧಣಿಗಳ ಗಲ್ಲಾ, ಖರೀದಿ, ಲೆಕ್ಕ ಎಲ್ಲವನ್ನೂ ಒಂಬತ್ತು ವರ್ಷ ನೋಡಿಕೊಂಡೆ. ಓದದೆ ಇದ್ದಿದ್ದರೆ ಆ ಒಂಬತ್ತು ವರ್ಷವೂ ಅವರಿಗೆ ಸಿಗುತ್ತಿರಲಿಲ್ಲ.

ಕಳೆದ ವರ್ಷದಿಂದ ನಮ್ಮ ಹೋಟೆಲಿನ ಮಾಳಿಗೆಯಲ್ಲಿ ಮಧ್ಯಾಹ್ನ ಮೂರರಿಂದ ಐದು ಗಂಟೆಯವರೆಗೆ ಪಾಠ ನಡೆಯುತ್ತಿದೆ. ಆ ಹೊತ್ತಿಗೆ ಊಟದ ಗಿರಾಕಿ ಮುಗಿದಿರುತ್ತಾರೆ, ಸಂಜೆಯ ತಿಂಡಿಯವರು ಇನ್ನೂ ಬಂದಿರುವುದಿಲ್ಲ. ಎನ್‌ಐಒಎಸ್ ಮುಕ್ತ ಶಾಲೆಯಲ್ಲಿ ಹತ್ತನೆಯದ್ದನ್ನು ಹಿಂದಿಯಲ್ಲೇ ಬರೆಯಬಹುದು, ವಯಸ್ಸಿನ ಮೇಲ್ಮಿತಿ ಇಲ್ಲ, ಎಲ್ಲ ವಿಷಯವನ್ನೂ ಒಂದೇ ಸಲ ಪಾಸು ಮಾಡಬೇಕೆಂದೂ ಇಲ್ಲ. ಫೀಸು ಹೋಟೆಲಿನದ್ದು, ಆ ಎರಡು ಗಂಟೆಯ ಸಂಬಳವೂ ಹೋಟೆಲಿನದ್ದು. ರಿಟೈರ್ ಆದ ಒಬ್ಬ ಹಿಂದಿ ಟೀಚರಮ್ಮ ಬರುತ್ತಾರೆ. ಲೆಕ್ಕ ನಾನೇ ಹೇಳಿಕೊಡುತ್ತೇನೆ. ಜಾರ್ಖಂಡಿನ ಒಬ್ಬ ಹುಡುಗ ಅಕೌಂಟೆನ್ಸಿಯನ್ನೂ ಒಂದು ವಿಷಯವಾಗಿ ಆರಿಸಿಕೊಂಡಿದ್ದಾನೆ. ಹೋದ ವಾರ ಅವನಿಗೆ ನಮ್ಮ ತರಕಾರಿ ಬಿಲ್ಲುಗಳ ಕಟ್ಟು ಕೊಟ್ಟು ಖರೀದಿ ಪುಸ್ತಕ ಬರೆಯಲು ಹೇಳಿದೆ. ಕೊತ್ತಂಬರಿ ಸೊಪ್ಪಿಗೆ ಒಂದೇ ದಿನ ಎರಡು ರೇಟು ಹಾಕಿದ್ದಾರೆ, ಯಾಕೆ ಎಂದು ಕೇಳಿಕೊಂಡು ಕೆಳಗೆ ಬಂದ. ನಾನು ಆ ಬಿಲ್ಲನ್ನು ಎರಡು ಸಲ ನೋಡಿ, ತರಕಾರಿಯವನಿಗೆ ಫೋನ್ ಮಾಡಲು ಅವನಿಗೇ ಹೇಳಿದೆ.